ಯಂತ್ರ ಏನನ್ನುತ್ತದೆ?

ಶಿಶುಗಳ ಮಿದುಳಿನ ಬೆಳವಣಿಗೆಯನ್ನು ಅಧ್ಯಯನ ಮಾಡುವ ಪ್ರಯೋಗಾಲಯದಲ್ಲಿ ನಮ್ಮ ಅತ್ತಿಗೆಯ ಕೆಲಸ, ಕೂಸುಗಳ ತಲೆಗೆ ಮಿದುಳಿನ ಅಲೆ ಅಳೆಯುವ ಯಂತ್ರದ ತಂತಿಗಳ ಜಾಲರಿ ತೊಡಿಸುವುದು. ದೊಡ್ಡ ಮಗುವಿಗೆ ಆಟಿಸಂ ಇರುವ ತಾಯಂದಿರು ಇದಕ್ಕೂ ಇರಬಹುದೇನೋ ಎಂಬ ಭಯದಲ್ಲಿ ಚಿಕ್ಕದನ್ನು ಎತ್ತಿಕೊಂಡು ಅಲ್ಲಿಗೆ ಬರುತ್ತಾರೆ.

ಮೊನ್ನೆ ಒಬ್ಬ ತಾಯಿ ಕೇಳಿದಳು: "ಅಕ್ಕಾ, ಇವಳು ಕರೆದ್ರೂ ತಿರುಗಲ್ಲ. ನಿಮ್ಮ ಯಂತ್ರ ಏನನ್ನುತ್ತೆ?"

"ಇದು ಬರೀ ಸಂಶೋಧನೆ ಕಣಮ್ಮಾ. ಫಲಿತಾಂಶ ಯಾರಿಗೂ ಹೇಳಲ್ಲ."

"ನೀವು ಹೇಳ್ತೀರಿ ಅಂತ ಡಾಕ್ಟರ್ ಹತ್ರಾನೂ ಹೋಗದೆ ಕೂತಿದ್ದೀನಲ್ಲಕ್ಕಾ."

ಅತ್ತಿಗೆಗೆ ತಲೆ ಕೆಟ್ಟಿತು. ಬಂದವರೆಲ್ಲ ಹೀಗೇ ಕಾಯುತ್ತಾರೆ. ಪ್ರಯೋಗಾಲಯದ ದೊಡ್ಡವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಕೈ ತೊಳೆದುಕೊಳ್ಳುತ್ತಾರೆ.

"ನಮ್ಮ ಪ್ರಬಂಧ ಅಚ್ಚಾಗೋ ತನಕ ಮಿದುಳು ಬೆಳೆಯದೆ ಕಾಯುತ್ತಾ? ಏಳು," ಎಂದು ಅತ್ತಿಗೆ ಗದರಿ, ಜಾಲರಿ ಬದಿಗಿಟ್ಟು, ಮಗುವನ್ನು ತಾನೇ ಎತ್ತಿಕೊಂಡು ಎದುರಿನ ಮಕ್ಕಳ ಆಸ್ಪತ್ರೆಗೆ ನಡೆದಳು.