ಮಶೇರಿ ಒಲ್ಲದ ಸೊಸೆ

ನನ್ನ ಅವ್ವನಿಗೆ ವಯಸ್ಸಾಗುವ ಮೊದಲೇ ಹಲ್ಲುಗಳು ಅಲುಗಾಡತೊಡಗಿದ್ದವು. ಕೌಜಲಗಿಯ ನಮ್ಮ ಮನೆಯಲ್ಲಿ ಎಲ್ಲರೂ ಕಟಕ್ ರೊಟ್ಟಿ ಮುರಿದು ತಿನ್ನುವಾಗ ಅವಳು ತನ್ನದನ್ನು ಮಜ್ಜಿಗೆಯಲ್ಲಿ ನೆನೆಹಾಕಿ ನುಂಗುತ್ತಿದ್ದಳು. ಬಾಯಿ ಮುಕ್ಕಳಿಸಿದರೆ ನೀರು ಕೆಂಪಗೆ ಬೀಳುತ್ತಿತ್ತು. ಎಲ್ಲಕ್ಕೂ ಕಾರಣ ಮಶೇರಿ ಎಂದು ಅವಳೇ ಹೇಳುತ್ತಿದ್ದಳು. ತಂಬಾಕಿನ ಎಲೆಯನ್ನು ಹೆಂಚಿನ ಮೇಲೆ ಕಪ್ಪಗೆ ಹುರಿದು, ಪುಡಿಮಾಡಿ, ಹಲ್ಲಿಗೂ ಒಸಡಿಗೂ ತಿಕ್ಕಿಕೊಳ್ಳುವುದು ನಮ್ಮ ಸೀಮೆಯ ಹೆಂಗಸರ ಚಟ. ಹಲ್ಲುಜ್ಜುವ ನೆಪದಲ್ಲಿ ಶುರುವಾದದ್ದು ಆಮೇಲೆ ಇಡೀ ದಿನ ಬಿಡುವುದಿಲ್ಲ.

"ನನಗಂತೂ ಬಿಡಾಕ ಆಗಲಿಲ್ಲ. ನೀ ಹಿಡೀಬ್ಯಾಡ," ಎಂದಳು ಅವ್ವ. ಜಾಲಿಕಡ್ಡಿಯ ತುದಿಯನ್ನು ಜಗಿದು ಕುಂಚ ಮಾಡುವುದನ್ನು, ಉಂಡ ಮೇಲೆ ಉಪ್ಪುನೀರು ಮುಕ್ಕಳಿಸುವುದನ್ನು ಅವಳೇ ನನಗೆ ಕಲಿಸಿದಳು.

ಮದುವೆಯಾಗಿ ಮಸಗುಪ್ಪಿಗೆ ಬಂದೆ. ಅಲ್ಲಿ ಬೆಳಗಿನ ಕೆಲಸ ಮುಗಿದ ಮೇಲೆ ಅತ್ತೆ, ನೆಗೆಣ್ಣಿ ಅಂದರೆ ನನ್ನ ಓರಗಿತ್ತಿ, ಓಣಿಯ ಹೆಂಗಸರು ಹಿತ್ತಲಲ್ಲಿ ಕುಳಿತು ಮಶೇರಿ ಹಚ್ಚುತ್ತಿದ್ದರು. ಅವರ ನಗು, ಚಾಡಿ, ಕಣ್ಣೀರು ಎಲ್ಲವೂ ಅಲ್ಲೇ. ಅತ್ತೆ ಪ್ರೀತಿಯಿಂದಲೇ ನನ್ನ ಅಂಗೈ ಹಿಡಿದು ಒಂದು ಚಿಟಿಕೆ ಹಾಕಿದರು.

"ಬ್ಯಾಡ್ರಿ ಅತ್ಯಾರ. ನಾ ಕಡ್ಡೀಲೆ ತಿಕ್ಕೊಂತೇನ್ರಿ."

"ಕಡ್ಡಿ ಗಂಡಸ್ರು ಹಿಡೀತಾರ. ಸೊಸಿ ಕಡ್ಡಿ ಕಡಕೋತ ಕುಂತ್ರ ಮಂದಿ ನಗತಾರ."

"ನಗಲಿ ಬಿಡ್ರಿ. ಅವರ ಹಲ್ಲ ಹೆಂಗ ಅದಾವು ನಾನೂ ನೋಡತೇನಿ."

ನೆಗೆಣ್ಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅತ್ತೆ ನಗಲಿಲ್ಲ. ನಾನು ಪುಡಿಯನ್ನು ನೆಲಕ್ಕೆ ಕೊಡವಿ, ಕೈ ತೊಳೆದುಕೊಂಡು ಎದ್ದೆ.

"ತವರಮನಿ ಸೊಕ್ಕು" ಎಂಬ ಮಾತು ಅಂದಿನಿಂದ ನನಗೆ ಅಂಟಿತು. ಗಂಡನೂ ಕೇಳಿದ, "ಅವ್ವ ಹೇಳಿದಂಗ ಕೇಳಿದ್ರ ಏನಾಗತೈತಿ?"

"ನೀವು ಬೇವಿನಕಡ್ಡಿ ಹಿಡಕೊಂಡು ಓಣಿ ತುಂಬ ತಿರಗತೀರಿ. ನನಗ ಯಾಕ್ರಿ ತಂಬಾಕ?"

ಮರುದಿನ ಅವನು ಹೊಲದಿಂದ ಬರುವಾಗ ಎರಡು ಕಡ್ಡಿ ತಂದು, ಒಂದನ್ನು ನೀರಿನ ಹಂಡೆಯ ಬಳಿ ಸುಮ್ಮನೆ ಇಟ್ಟುಹೋದ. ನಾನು ಬೇಕೆಂದೇ ಮುಂಬಾಗಿಲ ಕಟ್ಟೆಯ ಮೇಲೆ ಕುಳಿತು ಹಲ್ಲು ತಿಕ್ಕಿದೆ. ನೀರಿಗೆ ಹೊರಟ ಹೆಂಗಸರು ನಿಂತು ನೋಡಿದರು. ನಾನೂ ಅವರನ್ನು ನೋಡಿದೆ.

ಮಗಳು ಹುಟ್ಟಿ, ನಾಲ್ಕೈದು ವರ್ಷದವಳಾದಳು. ಒಂದು ಮಧ್ಯಾಹ್ನ ಹೊಲದಿಂದ ಬಂದರೆ ಕೂಸು ಪಡಸಾಲೆಯಲ್ಲಿ ವಾಂತಿ ಮಾಡಿಕೊಂಡು ಬಿದ್ದಿತ್ತು. ಮೈಯೆಲ್ಲ ಬೆವರು, ತುಟಿಯೆಲ್ಲ ಕಪ್ಪು.

"ಹಲ್ಲಬ್ಯಾನಿ ಅಂತ ಅಳಾಕತ್ತಿತ್ತು. ಜರಾ ಮಶೇರಿ ಹಚ್ಚೀನಿ," ಎಂದರು ಅತ್ತೆ.

ಮಗಳ ಬಾಯಿ ತೊಳೆದು, ನೆರಳಲ್ಲಿ ಮಲಗಿಸಿದೆ. ಆಮೇಲೆ ಗೋಡೆಯ ಗೂಡಿನಲ್ಲಿದ್ದ ಮಶೇರಿ ಡಬ್ಬಿ ತೆಗೆದು ಉರಿಯುವ ಒಲೆಗೆ ಸುರಿದೆ. ಮನೆ ತುಂಬ ಘಾಟು ಹೊಗೆ.

"ನನ್ನ ಮನ್ಯಾಗ ನಿಂತು ನನ್ನ ಡಬ್ಬಿಗಿ ಕೈ ಹಾಕತಿ?"

"ನೀವು ನನ್ನ ಮಗಳ ಬಾಯಿಗಿ ಕೈ ಹಾಕೀರಿ. ಬಯ್ರಿ, ಹೊಡೀರಿ. ಇನ್ನೊಮ್ಮಿ ಹಚ್ಚಿದ್ರ ಕೂಸಿನ್ನ ಕರಕೊಂಡು ಕೌಜಲಗಿಗಿ ನಡದೇನಿ."

ಅತ್ತೆ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಬಾಯಿ ತೆರೆದು ಬೆರಳಿಂದ ಕೆನ್ನೆ ಸರಿಸಿ ತೋರಿಸಿದರು. ಒಸಡು ಊದಿ ಹಣ್ಣಾಗಿತ್ತು, ಹಲ್ಲಿನ ಬೇರು ಕಾಣುತ್ತಿತ್ತು. "ಇದನ್ನ ಹಚ್ಚಿದ್ರನ ಬ್ಯಾನಿ ತಡೀತೈತಿ. ಇಲ್ಲಂದ್ರ ನಿದ್ದಿ ಹತ್ತೂದಿಲ್ಲ. ನಿನಗೇನ ಗೊತ್ತ?"

ಗೊತ್ತಿತ್ತು. ನನ್ನ ಅವ್ವನ ಬಾಯಿ ಹಾಗೇ ಇತ್ತು. ನನ್ನ ಸಿಟ್ಟು ಇಳಿಯಿತು, ಹಟ ಇಳಿಯಲಿಲ್ಲ. ಬಿಸಿನೀರಿಗೆ ಉಪ್ಪು ಹಾಕಿ ಅವರ ಮುಂದಿಟ್ಟೆ. ತಂಬಿಗೆಯನ್ನು ಕಾಲಿನಿಂದ ಸರಿಸಿದರು. ಸ್ವಲ್ಪ ಹೊತ್ತಾದ ಮೇಲೆ ಹಿತ್ತಲಲ್ಲಿ ಮುಕ್ಕಳಿಸುವ ಸದ್ದು ಕೇಳಿತು.

ಅವರು ಚಟ ಬಿಡಲಿಲ್ಲ. ಮೂಡಲಗಿ ಸಂತೆಯಿಂದ ಹೊಸ ತಂಬಾಕು ಬಂತು, ಹೆಂಚು ಮತ್ತೆ ಹೊಗೆಯಾಡಿತು. ಆದರೆ ಅವರ ಕೈ ಮತ್ತೆ ಮಗಳ ಬಾಯಿಯ ಹತ್ತಿರ ಬರಲಿಲ್ಲ. ನೆಗೆಣ್ಣಿಯೂ ತನ್ನ ಹೆಣ್ಣುಮಕ್ಕಳನ್ನು ಹಲ್ಲು ತಿಕ್ಕಲು ನನ್ನ ಕಟ್ಟೆಗೆ ಕಳಿಸತೊಡಗಿದಳು.

ಮಗಳು ದೊಡ್ಡವಳಾದ ಮೇಲೆ ಒಂದು ದಿನ ನೆರೆಮನೆಯಾಕೆ ಅವಳ ಮುಂದೆ ಒಂದು ಚಿಟಿಕೆ ಮಶೇರಿ ಹಿಡಿದಳು. ಅತ್ತೆ ಆ ಕೈಯನ್ನು ಪಟ್ಟನೆ ತಳ್ಳಿದರು.

"ಆಕಿಗಿ ಬ್ಯಾಡ. ಆಕಿ ಅವ್ವ ನಿನ್ನ ಮನಿತನಕ ಬಂದು ಜಗಳಾ ತಗೀತಾಳ."

ಬೀಸುವ ಕಲ್ಲಿನ ಮುಂದೆ ಕುಳಿತಿದ್ದ ನನಗೆ ಕೇಳಲೆಂದೇ ಗಟ್ಟಿಯಾಗಿ ಅಂದರು, ಬೈಗುಳವಾಗಿಯೇ. ಹೌದು, ಹೋಗಿ ಜಗಳ ತೆಗೆಯುತ್ತಿದ್ದೆ.