ಒಳಖೋಲಿಯ ವಿಳಾಸ

ವಾಸ್ಕೋದಲ್ಲಿ ಸೈಬರ್ ಕೆಫೆ ಇಟ್ಟಿರುವ ಯಮನೂರಪ್ಪನಿಗೆ ಕೆಟ್ಟು ನಿಂತ ವೆಬ್‌ಸೈಟ್ ಸಿಕ್ಕರೆ ಹಬ್ಬ. ಕಾದು ಕೂತವರಿಗೆ ಪ್ರಾಣಸಂಕಟ. ಮೊದಲು ಮೌಸಿಗೆ ಕೈ ಮುಗಿಯುತ್ತಾನೆ, ಆಮೇಲೆ ಗಿರಾಕಿಗೆ ಬೈಯುತ್ತಾನೆ, ಬಳಿಕ ತಾನೇ ಚಹಾ ತರಿಸುತ್ತಾನೆ. ಬಗಲಲ್ಲಿ ಕೂಸು ಹೊತ್ತ ಮಂಗಲಾಗೆ ಆ ಚಹಾ ಮುಟ್ಟುವ ವ್ಯವಧಾನವಿಲ್ಲ. ಹಡಗಿನ ಕೆಲಸದ ಗಂಡ ಇನ್ನೂ ಮಗಳ ಮುಖ ಕಂಡಿಲ್ಲ. ಇವತ್ತು ಸಂಜೆ ಯಾವುದೋ ಬಂದರಿನಲ್ಲಿ ಎರಡೇ ತಾಸು ಇಳಿಯುತ್ತಾನೆ. ಅಷ್ಟರಲ್ಲಿ, ಮೈದುನನ ಟ್ಯಾಕ್ಸಿ ವೆಬ್‌ಸೈಟಿನ ಒಳಗಿನ ಫೋಲ್ಡರಿನಲ್ಲಿ ಅವಳು ಹಾಕಿದ ಮಗಳ ಫೋಟೊ ಬ್ಲಾಗ್ ತೆರೆಯಬೇಕು. ತೆರೆದರೆ ಬರೀ ಟ್ಯಾಕ್ಸಿಯೇ ಕಾಣುತ್ತದೆ. "ಅಣ್ಣಾರ, ಆತೇನ್ರಿ?" "ಐದ ಮಿನಿಟ್, ತಂಗಿ." ಅವನ ಐದು ಮಿನಿಟಿನಲ್ಲಿ ಗೋವೆಯ ಮಳೆಗಾಲವೇ ಮುಗಿದೀತು. "ಬ್ಲಾಗ್ ಅಂದ್ರ ಮಾಲಕನ ಮನ್ಯಾಗಿನ ಬಾಡಗಿ ಖೋಲಿ ಇದ್ದಂಗ. ನೀ ಸೆಟ್ಟಿಂಗ್‌ನ್ಯಾಗ ಮಾಲಕನ ಬಾಗಲಾ ಅಷ್ಟ ಬರದೀದಿ, ಖೋಲಿ ಹೆಸರ ಬಿಟ್ಟೀದಿ," ಎಂದು ವಿಳಾಸದ ಕೊನೆಗೆ ಫೋಲ್ಡರಿನ ಹೆಸರು ಸೇರಿಸಿದ. ಮಗಳ ಬೊಚ್ಚುನಗು ಪರದೆಯ ತುಂಬ ತೆರೆಯಿತು. ಮಂಗಲಾ ಹೊರಡಲು ಎದ್ದಳು, ಅವನು ಬಿಡಲಿಲ್ಲ. ಒಂದೊಂದೇ ಕಂಪ್ಯೂಟರಿನ ಮುಂದೆ ಕೂತು, ಮುಖಪುಟದಿಂದ ಹೊರಟು ಒಳಖೋಲಿ ಮುಟ್ಟುತ್ತದೆಯೋ ಇಲ್ಲವೋ ಎಂದು ನೋಡತೊಡಗಿದ. "ಆತಲ್ರೀ ಅಣ್ಣಾ, ಮತ್ಯಾಕ?" ಯಮನೂರಪ್ಪ ತಲೆ ಎತ್ತದೆ ಹೇಳಿದ: "ನಮ್ಮವ್ವ ಹೋದಾಗ ಊರಿಂದ ತಂತಿ ಬಂದಿತ್ತವಾ. ಮಾಲಕನ ಬಾಗಲದಾಗ ಎಂಟ ದಿನ ಬಿದ್ದಿತ್ತು. ಹಿಂದಿನ ಖೋಲ್ಯಾಗ ನಾ ಇದ್ನಿ." ಮಂಗಲಾ ಮತ್ತೆ ಕುಳಿತಳು. ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಅಂದಳು: "ಅಣ್ಣಾರ, ಮೂಲ್ಯಾಗಿನ ಕಂಪ್ಯೂಟರ್ ಒಂದು ಉಳದೈತ್ರಿ."