ಭಟ್ಟರ ಸ್ಟೆಂಟ್, ಲೋಕಯ್ಯನ ಹೊಟ್ಟೆಕಿಚ್ಚು

ಬಿಜೈಯಲ್ಲಿ ಮೂವತ್ತು ವರ್ಷಗಳಿಂದ ಪಂಕ್ಚರ್ ಅಂಗಡಿ ಇಟ್ಟಿರುವ ಲೋಕಯ್ಯನಿಗೆ ಯಾರ ಮೇಲೂ ಹೊಟ್ಟೆಕಿಚ್ಚು ಬಂದದ್ದಿಲ್ಲ, ಪಕ್ಕದ ದೇವಸ್ಥಾನದ ಅರ್ಚಕ ವಿಠಲ ಭಟ್ಟರಿಗೆ ಸ್ಟೆಂಟ್ ಹಾಕುವವರೆಗೆ.

ಇಬ್ಬರೂ ಒಂದೇ ವಾರ ಒಂದೇ ಆಸ್ಪತ್ರೆ ಸೇರಿದ್ದರು. ಲೋಕಯ್ಯನ ಸ್ಟೆಂಟ್ ತಕರಾರಿಲ್ಲದೆ ಕೂತಿತು. ಭಟ್ಟರಿಗೆ ಸ್ಟೆಂಟ್ ಕೂರಿಸಲು ಒಳಗೆ ಬಲೂನ್ ಉಬ್ಬಿಸುವಾಗ ಗಟ್ಟಿಯಾಗಿದ್ದ ರಕ್ತನಾಳವೇ ತೂತಾಗಿ, ಹೃದಯದ ಸುತ್ತ ರಕ್ತ ತುಂಬಿ, ಬಿಪಿ ಪಾತಾಳಕ್ಕಿಳಿಯಿತು. ಡಾಕ್ಟರ್ ನತಾಶಾ ತಡಮಾಡದೆ ಹೊದಿಕೆಯಿರುವ ಸ್ಟೆಂಟೊಂದನ್ನು ಒಳಗೆ ಕೂರಿಸಿ ತೂತು ಮುಚ್ಚಿ, ಸುತ್ತ ತುಂಬಿದ್ದ ರಕ್ತವನ್ನು ಹೊರತೆಗೆದರು. ಭಟ್ಟರು ಬದುಕಿದರು. ಬದುಕಿದ್ದಷ್ಟೇ ಅಲ್ಲ, ಊರಿಡೀ ಹೆಸರಾದರು.

ಯಾರ ಮನೆ ಪೂಜೆಗೆ ಹೋದರೂ ಅದೇ ಕಥೆ. "ಟ್ಯೂಬಿಗೆ ಒಳಗಿನಿಂದ ಪ್ಯಾಚ್ ಹಾಕಿದ ಹಾಗೆ" ಎಂದು ಭಟ್ಟರು ಹೇಳಿದರೆ ಹೆಂಗಸರು ಗಲ್ಲಕ್ಕೆ ಕೈಯಿಡುತ್ತಿದ್ದರು. ಆ ಮಾತನ್ನು ವಾರ್ಡಿನಲ್ಲಿ ಅವರಿಗೆ ಹೇಳಿಕೊಟ್ಟವನೇ ಲೋಕಯ್ಯ! ಅವನ ಎದೆಯಲ್ಲೂ ಒಂದು ಸ್ಟೆಂಟ್ ಇದೆಯೆಂಬುದು ಯಾರಿಗೂ ನೆನಪಿರಲಿಲ್ಲ.

"ನನ್ನ ಹೃದಯ ಎಂತ ಪ್ಲಾಸ್ಟಿಕ್ಕಾ?" ಎಂದು ಹೆಂಡತಿ ಬಾಗಿಯ ಮುಂದೆ ಗೊಣಗಿದ.

"ನಿಮ್ಮದು ತೂತಾಗ್ಲಿಲ್ಲ ಅಂತ ಬೇಜಾರಾ?" ಎಂದಳು ಅವಳು.

ನಿಜ ಹೇಳಬೇಕೆಂದರೆ ಸ್ವಲ್ಪ ಬೇಜಾರಿತ್ತು.

ಒಮ್ಮೆ ಭಟ್ಟರ ಹೆಂಡತಿ ಪಂಕಜಾಕ್ಷಿ ಸ್ಕೂಟರಿಗೆ ಗಾಳಿ ಹಾಕಿಸಲು ಬಂದವರು ಹೆಮ್ಮೆಯಿಂದ ಹೇಳಿದರು: "ಇಷ್ಟೆಲ್ಲ ಆದ್ರೂ ಇವರು ಏಕಾದಶಿ ಬಿಡ್ಲಿಲ್ಲ ನೋಡಿ. ಆ ದಿನ ನೀರೂ ಇಲ್ಲ, ಮಾತ್ರೆಯೂ ಇಲ್ಲ." ಸೋಮವಾರ ಒಂದು ದಿನ ಮೀನು ಬಿಡಲಾಗದ ಲೋಕಯ್ಯನಿಗೆ ಅದನ್ನು ಕೇಳಿಯೂ ಹೊಟ್ಟೆ ಉರಿಯಿತು.

ಆರು ತಿಂಗಳ ತಪಾಸಣೆಗೆ ಇಬ್ಬರೂ ಒಟ್ಟಿಗೇ ಹೋದರು. "ತೂತು ಮುಚ್ಚಿದ್ರೆ ಮುಗೀಲಿಲ್ಲ ಭಟ್ರೇ, ಇಂಥ ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಜಾಸ್ತಿ" ಎಂದರು ನತಾಶಾ. "ಅದಕ್ಕೆ ಕೊಟ್ಟ ಮಾತ್ರೆ ತಪ್ಪಿಸ್ಲಿಲ್ಲ ಅಲ್ವಾ?"

"ಒಂದು ದಿನವೂ ಇಲ್ಲ" ಎಂದರು ಭಟ್ಟರು.

"ಪೇಷಂಟ್ ಅಂದ್ರೆ ಹೀಗಿರ್ಬೇಕು" ಎಂದು ಡಾಕ್ಟರ್ ಅವರ ಹೆಗಲು ತಟ್ಟಿದರು. ಲೋಕಯ್ಯನಿಗೆ ಅದೊಂದನ್ನು ಸಹಿಸಲಾಗಲಿಲ್ಲ.

"ಸುಳ್ಳು ಡಾಕ್ಟ್ರೇ! ತಿಂಗಳಿಗೆ ಎರಡು ಏಕಾದಶಿ, ಎರಡು ದಿನವೂ ತಪ್ಪಿಸ್ತಾರೆ."

ಹೇಳಿ ಮುಗಿಸಿದಾಗ ಅವನ ಹೊಟ್ಟೆ ತಣ್ಣಗಾಯಿತು.

ಡಾಕ್ಟರ ಮುಖ ಗಂಭೀರವಾಯಿತು. "ಆಗ ಒಳಗೆ ಬಂದಾಗ, ಮೊನ್ನೆ ಎದೆ ಹಿಡಿದ ಹಾಗಾಯ್ತು ಅಂದ್ರಲ್ಲ, ಅದು ಯಾವತ್ತು?"

ಭಟ್ಟರು ನೆನಪಿಸಿಕೊಂಡರು. "ದ್ವಾದಶಿ ಬೆಳಿಗ್ಗೆ" ಎಂದವರ ಮುಖ ಬಿಳಿಚಿತು.

ಅಂದೇ ಆಂಜಿಯೋಗ್ರಾಂ ಮಾಡಿದರು. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಲು ಶುರುವಾಗಿತ್ತು. ಇನ್ನೊಂದು ಉಪವಾಸ ಮಾಡಿದ್ದರೆ ಜೀವಕ್ಕೇ ಕುತ್ತು ಬರುತ್ತಿತ್ತು ಎಂದು ಬೈದು, ಚಿಕಿತ್ಸೆ ಕೊಟ್ಟು ಕಳಿಸಿದರು.

ಭಟ್ಟರ ಜೀವ ಉಳಿಸಿದವನು ಲೋಕಯ್ಯ ಎಂದು ಪಂಕಜಾಕ್ಷಿ ಊರೆಲ್ಲ ಹೇಳಿದರು. ಅಂಗಡಿಗೆ ಬಂದವರೆಲ್ಲ ಅವನಿಗೆ ಕೈಮುಗಿಯುವವರೇ. ಬಯಸಿದ್ದು ಸಿಕ್ಕಿತ್ತು, ಆದರೆ ನಾಚಿಕೆಯಿಂದ ಅನ್ನ ಸೇರುತ್ತಿರಲಿಲ್ಲ. ನಾಲ್ಕನೆಯ ದಿನ ಭಟ್ಟರ ಮನೆಗೇ ಹೋದ.

"ಭಟ್ರೇ, ನಿಮ್ಮನ್ನು ಉಳಿಸ್ಲಿಕ್ಕೆ ಹೇಳಿದ್ದಲ್ಲ. ಡಾಕ್ಟ್ರು ನಿಮ್ಮ ಹೆಗಲು ತಟ್ಟಿದ್ದು ನೋಡ್ಲಿಕ್ಕಾಗದೆ ಹೇಳಿದ್ದು."

"ಗೊತ್ತುಂಟು ಮಾರಾಯ, ನಿನ್ನ ಮುಖ ನೋಡಿದ್ದೆ" ಎಂದರು ಭಟ್ಟರು. "ನಾಡಿದ್ದು ಏಕಾದಶಿ. ಬೆಳಿಗ್ಗೆ ಬಂದು ನನ್ನೆದುರು ಕೂತ್ಕೋ, ಮಾತ್ರೆ ನುಂಗುವವರೆಗೆ ಏಳ್ಬೇಡ. ನನ್ನ ಮೇಲೆ ಪ್ರೀತಿ ಇದ್ದವರೆಲ್ಲ ಉಪವಾಸ ಮಾಡ್ಲಿ ಅಂತ ಬಿಟ್ಟುಬಿಟ್ರು, ನಿನ್ನ ಹೊಟ್ಟೆಕಿಚ್ಚು ಬಿಡ್ಲಿಕ್ಕಿಲ್ಲ."